ದಿನಕ್ಕೆ ಅರ್ಧ ಕಿಲೋ ಹಣ್ಣು-ತರಕಾರಿ: ವರ್ತಕರು ಮರೆಯುವ ಲೆಕ್ಕ

ದಾಸ್ತಾನು, ಬಾಕಿ ವಸೂಲಿ, ತೆರಿಗೆಗಳ ವಿಷಯದಲ್ಲಿ ಸದಾ ಎಚ್ಚರವಾಗಿರುವ ಉದ್ಯಮಿಗಳು ತಮ್ಮ ಊಟದ ವಿಷಯದಲ್ಲಿ ಉದಾಸೀನರಾಗಿರುವುದು ಸಾಮಾನ್ಯ. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದ ವರ್ತಕರು ರಾತ್ರಿಯವರೆಗೂ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತೇ ಇರುತ್ತಾರೆ. ನಡುನಡುವೆ ಕಾಫಿ, ಬೋಂಡಾ, ಬಿಸ್ಕತ್ತುಗಳೇ ಆಹಾರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವೊಂದು 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಖರೀದಿ, ತಯಾರಿಕೆ, ಮಾರಾಟ ಎಲ್ಲವನ್ನೂ ಮಾಲೀಕರೇ ನಿರ್ವಹಿಸುವ ಸಣ್ಣ ಉದ್ಯಮದಲ್ಲಿ ಅವರು ಹಾಸಿಗೆ ಹಿಡಿದರೆ ಉದ್ಯಮವೂ ಹಾಸಿಗೆ ಹಿಡಿದಂತೆಯೇ.

ಎಷ್ಟು ಬೇಕು?

ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಸೊಪ್ಪೂ ಸೇರಿದಂತೆ 400 ಗ್ರಾಂ ತರಕಾರಿ ಹಾಗೂ 100 ಗ್ರಾಂ ಹಣ್ಣು, ಅಂದರೆ ಒಟ್ಟು ಅರ್ಧ ಕಿಲೋ ಸೂಚಿಸಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಆಲೂಗಡ್ಡೆ ಸೇರುವುದಿಲ್ಲ. ಮಸಾಲೆದೋಸೆಯ ಪಲ್ಯವಾಗಲಿ, ಹುಳಿಯಲ್ಲಿ ತೇಲುವ ನಾಲ್ಕು ಹೋಳುಗಳಾಗಲಿ ಈ ತೂಕವನ್ನು ತುಂಬಿಸಲಾರವು.

ಲಾಭವೇನು?

ಹಣ್ಣು-ತರಕಾರಿಗಳ ನಾರು ಮಲಬದ್ಧತೆಯನ್ನು ತಡೆಯುತ್ತದೆ. ಊಟದ ನಂತರ ರಕ್ತದಲ್ಲಿ ಸಕ್ಕರೆ ಒಮ್ಮೆಲೇ ಏರದಂತೆ ನೋಡಿಕೊಳ್ಳುತ್ತದೆ. ಬಾಳೆಹಣ್ಣು, ಸೊಪ್ಪುಗಳಲ್ಲಿರುವ ಪೊಟ್ಯಾಸಿಯಂ ರಕ್ತದೊತ್ತಡದ ಹತೋಟಿಗೆ ಸಹಕಾರಿ. ನುಗ್ಗೆಸೊಪ್ಪು, ದಂಟಿನ ಸೊಪ್ಪು, ಪರಂಗಿಹಣ್ಣುಗಳಲ್ಲಿರುವ ಕೆರೋಟಿನ್ ಕಣ್ಣಿಗೆ ಅವಶ್ಯಕ. ಪೋಷಕಾಂಶಕ್ಕಾಗಿ ದುಬಾರಿ ಹಣ್ಣನ್ನೇ ಕೊಳ್ಳಬೇಕಾಗಿಲ್ಲ: 100 ಗ್ರಾಂ ಸೀಬೆಹಣ್ಣಿನಲ್ಲಿ ಸುಮಾರು 200 ಮಿಲಿಗ್ರಾಂ ‘ಸಿ’ ಜೀವಸತ್ವವಿದ್ದು, ಸೇಬು ಇದರ ಹತ್ತಿರಕ್ಕೂ ಬರುವುದಿಲ್ಲ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಅದರಲ್ಲಿನ ಕಬ್ಬಿಣಾಂಶ ದೇಹಕ್ಕೆ ಹೆಚ್ಚು ದಕ್ಕುತ್ತದೆ. ಊಟದೊಡನೆಯೇ ಕಾಫಿ, ಚಹಾ ಕುಡಿದರೆ ಕಡಿಮೆಯಾಗುತ್ತದೆ.

ಗಮನಿಸಬೇಕಾದ ಅಂಶಗಳು

* ರಸಕ್ಕಿಂತ ಇಡೀ ಹಣ್ಣು ಲೇಸು. ರಸ ಸೋಸಿದಾಗ ನಾರು ಹೋಗಿ ಸಕ್ಕರೆ ಉಳಿಯುತ್ತದೆ.
* ತರಕಾರಿಯನ್ನು ಮೊದಲು ತೊಳೆದು ನಂತರ ಹೆಚ್ಚಬೇಕು. ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸಬೇಕು.
* ಮಧುಮೇಹಿಗಳು ಹಣ್ಣಿನ ಪ್ರಮಾಣವನ್ನು ವೈದ್ಯರಿಂದ ತಿಳಿಯಬೇಕು. ಮೂತ್ರಪಿಂಡದ ತೊಂದರೆಯುಳ್ಳವರಿಗೆ ಪೊಟ್ಯಾಸಿಯಂ ಹಾನಿಕರವಾಗಬಹುದು.

ಕಾರ್ಖಾನೆಯಲ್ಲಿ, ಮಂಡಿಯಲ್ಲಿ

ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿಯಂಥ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಿಗೆ ಸ್ವಂತ ಕ್ಯಾಂಟೀನ್ ನಡೆಸುವುದು ಕಷ್ಟಸಾಧ್ಯ. ಆದರೆ ಸಂಜೆಯ ಬಜ್ಜಿ-ಚಹಾದ ಖರ್ಚಿನಲ್ಲೇ ವಾರಕ್ಕೆ ಎರಡು ಮೂರು ದಿನವಾದರೂ ಕಾರ್ಮಿಕರಿಗೆ ಬಾಳೆಹಣ್ಣನ್ನೋ ಸೌತೆಕಾಯಿ ಕೋಸಂಬರಿಯನ್ನೋ ಒದಗಿಸುವುದು ಅಸಾಧ್ಯವೇನಲ್ಲ. ಋತುಮಾನದ ಹಣ್ಣನ್ನು ಸಗಟಾಗಿ ಕೊಂಡರೆ ವೆಚ್ಚವೂ ತಗ್ಗುತ್ತದೆ.

ಹಣ್ಣಿನ ವರ್ತಕರ ಹೊಣೆ ಇನ್ನೂ ಹೆಚ್ಚಿನದು. ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಗಿಸುವುದನ್ನು ಕಾನೂನು ನಿಷೇಧಿಸಿದೆ. ಕಾರ್ಬೈಡಿನಲ್ಲಿ ಆರ್ಸೆನಿಕ್, ರಂಜಕಗಳ ಕುರುಹುಗಳಿರುವುದೇ ಇದಕ್ಕೆ ಕಾರಣ. ಅದರ ಬದಲು ಎಥಿಲೀನ್ ಅನಿಲವನ್ನು 100 ಪಿಪಿಎಂ ಮಿತಿಯೊಳಗೆ ಬಳಸಲು ಆಹಾರ ಸುರಕ್ಷತಾ ಪ್ರಾಧಿಕಾರವು ಅವಕಾಶ ನೀಡಿದೆ. ಆರೋಗ್ಯಕ್ಕೆಂದು ಗ್ರಾಹಕರು ಕೊಂಡ ಹಣ್ಣೇ ಅವರ ಆರೋಗ್ಯಕ್ಕೆ ಎರವಾದರೆ ವ್ಯಾಪಾರದ ವಿಶ್ವಾಸ ಉಳಿಯದು.

ಮೈಸೂರಿಗೆ ಈ ವಿಷಯದಲ್ಲಿ ಕೊರತೆಯಿಲ್ಲ. ನಗರದ ನಡುವೆ ದೇವರಾಜ ಮಾರುಕಟ್ಟೆಯಿದೆ; ನೆರೆಯಲ್ಲಿ ರಸಬಾಳೆಗೆ ಹೆಸರಾದ ನಂಜನಗೂಡಿದೆ. ಚೆಲುವಾಂಬ ವಿಲಾಸ ಅರಮನೆಯಲ್ಲಿ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯು ಹಣ್ಣು-ತರಕಾರಿಗಳ ಸಂರಕ್ಷಣೆಯೂ ಸೇರಿದಂತೆ ಆಹಾರ ವಿಜ್ಞಾನದ ಸಂಶೋಧನೆ ನಡೆಸುತ್ತ ಬಂದಿದೆ. ಬೆಳೆ, ಪೇಟೆ, ವಿಜ್ಞಾನ ಮೂರೂ ಕೈಗೆಟುಕುವ ಊರಿನಲ್ಲಿ ಊಟದ ತಟ್ಟೆಯಲ್ಲಿ ಮಾತ್ರ ಹಸಿರು ಕಾಣದಿರುವುದು ತರವಲ್ಲ. ದಿನನಿತ್ಯ ತಕ್ಕಡಿ ಹಿಡಿಯುವ ಕೈಗಳಿಗೆ ಅರ್ಧ ಕಿಲೋ ತೂಗುವುದು ಕಷ್ಟವೇನಲ್ಲ. ಅದನ್ನು ಒಂದು ಬಾರಿ ತಮ್ಮ ಮನೆಯವರಿಗಾಗಿಯೂ ತೂಗಿ ನೋಡುವುದು ಒಳಿತು.