ಎಳೆ: ಗೋಡೆಯಿಂದ ಬಟ್ಟೆಗೆ

ಬತ್ತಲಗುಂಡು ಮತ್ತು ಕಂಬಂ ಕಣಿವೆಯ ಕನ್ನಡಿಗರು ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವವರು. ಅವರಿಗೆ ‘ಎಳೆ’ ಎಂಬ ಪದವನ್ನು ವಿವರಿಸಬೇಕಾಗಿಲ್ಲ. ನಮ್ಮ ನೂಲಿನ ಎಳೆಯೇ ತಮಿಳಿನ ‘ಇೞೈ’. ಅಕ್ಕಿಹಿಟ್ಟಿನ ನೀರಿನಲ್ಲಿ ಬರೆಯುವ ಕೋಲದ ಗೆರೆಗೂ ತಮಿಳಿನಲ್ಲಿ ಅದೇ ಹೆಸರು. ಮಲೆನಾಡಿನ ದೀವರ ಹೆಂಗಸರು ತಮ್ಮ ಚಿತ್ತಾರದ ಗೆರೆಯನ್ನೂ ಎಳೆಯೆಂದೇ ಕರೆಯುತ್ತಾರೆ. ಕೈಯಿಂದ ಬರೆದ ವಿನ್ಯಾಸವನ್ನು ಬಟ್ಟೆಗೋ ಗೋಡೆಕಾಗದಕ್ಕೋ ಒಯ್ಯಲು ಹೊರಟವರು ಈ ಪದದಿಂದಲೇ ಆರಂಭಿಸುವುದು ಒಳಿತು.

ಸಾಗರ, ಸೊರಬ ಸೀಮೆಯ ಹಸೆಗೋಡೆ ಚಿತ್ತಾರ ಮದುವೆಯ ಸಂದರ್ಭದ ಕಲೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಿಗಟ್ಟಿಸಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಕುಂಚ ಪುಂಡಿನಾರಿನದು. ಭೂಮಿ ಹುಣ್ಣಿಮೆಯಂದು ಹೊಲಕ್ಕೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಕೈ ಆಡುತ್ತದೆ. ಇಲ್ಲಿ ಪ್ರಕೃತಿ ಯಥಾವತ್ತಾಗಿ ಮೂಡುವುದಿಲ್ಲ; ಪೈರೂ ಬಳ್ಳಿಯೂ ಎಳೆಗಳ ಲೆಕ್ಕಕ್ಕೆ ಒಳಪಟ್ಟು ಬರುತ್ತವೆ.

ಗೋಡೆಯ ಚಿತ್ತಾರಕ್ಕೆ ಅಂಚುಂಟು, ಗಜಗಟ್ಟಲೆ ಹರಿಯುವ ಬಟ್ಟೆಗೆ ಅದಿಲ್ಲ. ಆದುದರಿಂದ ಅಲ್ಲಿ ಆವರ್ತನೆಯನ್ನು ರೂಪಿಸಬೇಕಾಗುತ್ತದೆ. ವೀಳ್ಯದ ಬಳ್ಳಿಯನ್ನೇ ತೆಗೆದುಕೊಳ್ಳೋಣ. ಹಾಳೆಯ ನಾಲ್ಕು ಅಂಚನ್ನೂ ಮುಟ್ಟದಂತೆ ನಡುವೆ ಬಳ್ಳಿಯನ್ನು ಬರೆದು, ಹಾಳೆಯನ್ನು ನಾಲ್ಕು ಸಮಭಾಗಗಳಾಗಿ ಕತ್ತರಿಸಿ, ಮೂಲೆಗೆದುರು ಮೂಲೆಯ ತುಂಡುಗಳನ್ನು ಅದಲುಬದಲು ಮಾಡಬೇಕು. ಹೊರಗಿನ ಅಂಚುಗಳೆಲ್ಲ ಈಗ ಒಳಗೆ ಕೂಡುತ್ತವೆ. ಅಲ್ಲಿ ಉಳಿದ ಬರಿದಾದ ಜಾಗವನ್ನು ಹೊಸ ಎಲೆಗಳಿಂದ ತುಂಬಿದರೆ, ಆ ಹಾಳೆ ಯಾವ ಬದಿಗೆ ಜೋಡಿಸಿದರೂ ಕೂಡಿಕೊಳ್ಳುತ್ತದೆ. ಪಕ್ಕದ ಸಾಲನ್ನು ಅರ್ಧದಷ್ಟು ಕೆಳಗಿಳಿಸಿದರೆ ಒಂದೇ ಎಲೆ ಮರಳಿ ಬರುವುದು ಕಣ್ಣಿಗೆ ಬೇಗ ಸಿಕ್ಕುವುದಿಲ್ಲ. ವಿಲಿಯಂ ಮಾರಿಸ್ 1883ರಲ್ಲಿ ಹಣ್ಣು ಕದಿಯುವ ಹಕ್ಕಿಗಳನ್ನು ಬಟ್ಟೆಯ ಮೇಲೆ ತಂದಾಗಲೂ ತೊಡಕು ಇದೇ ಆಗಿತ್ತು: ಮರಳಿ ಬಂದರೂ ಬೇಸರ ತರಿಸಬಾರದು.

ಬಣ್ಣದ ತೊಡಕು ಬೇರೆ. ಅಕ್ಕಿಹಿಟ್ಟು ಮಣ್ಣಿನ ಗೋಡೆಗೆ ಹತ್ತುವಂತೆ ನೂಲಿಗೆ ಹತ್ತುವುದಿಲ್ಲ, ಮೊದಲ ಒಗೆತಕ್ಕೇ ಬಿಟ್ಟುಹೋಗುತ್ತದೆ. ಶ್ರೀಕಾಳಹಸ್ತಿಯ ಕಲಂಕಾರಿಯವರು ಇದಕ್ಕೆ ಬಹುಕಾಲದ ಹಿಂದೆಯೇ ದಾರಿ ಕಂಡುಕೊಂಡಿದ್ದಾರೆ. ಬಟ್ಟೆಯನ್ನು ಅಳಲೆಕಾಯಿಯ ರಸ ಮತ್ತು ಎಮ್ಮೆಯ ಹಾಲಿನಲ್ಲಿ ಅದ್ದಿ ಒಣಗಿಸುತ್ತಾರೆ. ಹಾಲಿನ ಕೊಬ್ಬು ಬಣ್ಣ ಹರಡದಂತೆ ತಡೆಯುತ್ತದೆ. ಕಬ್ಬಿಣ ಮತ್ತು ಬೆಲ್ಲವನ್ನು ಕೊಳೆಸಿದ ದ್ರವ ಅಳಲೆಯ ಒಗರಿನೊಡನೆ ಕೂಡಿ ಗಟ್ಟಿಯಾದ ಕಪ್ಪಾಗುತ್ತದೆ.

ಇವೆಲ್ಲ ಕಲಿಯಬಹುದಾದ ವಿದ್ಯೆ. ನನಗೆ ಆತಂಕವಿರುವುದು ಬೇರೆಡೆ. ಗಣಕದಲ್ಲಿ ನಯಗೊಳಿಸಿದ ಗೆರೆಯಲ್ಲಿ ನಾರಿನ ಕುಂಚದ ತಡವರಿಕೆ, ಬಣ್ಣ ತೀರುತ್ತ ಬಂದಾಗಿನ ತೆಳುವು ಎರಡೂ ಇಲ್ಲವಾಗುತ್ತವೆ. ಒಂದೇ ಎಲೆಯನ್ನು ನಕಲಿಸುವ ಬದಲು ಐದಾರು ಎಲೆಗಳನ್ನು ಬೇರೆಬೇರೆಯಾಗಿ ಬರೆದು ಹೆಣೆದರೆ ಅಷ್ಟಾದರೂ ಉಳಿದೀತು. ಇನ್ನು ಹೆಸರು. ಮಾರಾಟದ ಪಟ್ಟಿಯಲ್ಲಿ ವಿನ್ಯಾಸಕ್ಕೊಂದು ಸಂಖ್ಯೆ ಬಿದ್ದೊಡನೆ ಬರೆದವಳ ಮಾತು ಅಳಿಯುತ್ತದೆ. ಶಾಲೆಯಲ್ಲಿ ಓದಿಸದ ಭಾಷೆಗೆ ಇಂಥ ಕಸುಬಿನ ಪದಗಳೇ ಆಸರೆ ಎಂಬುದು ಈ ಕಣಿವೆಯವರಿಗೆ ತಿಳಿಯದ ಸಂಗತಿಯಲ್ಲ.

ಹೆಸರು ಉಳಿದದ್ದಕ್ಕೆ ನಿದರ್ಶನವೂ ಸಮೀಪದಲ್ಲೇ ಇದೆ. ದಿಂಡಿಗಲ್ ಬಳಿಯ ಚಿನ್ನಾಳಪಟ್ಟಿಯಲ್ಲಿ ಇಂದಿಗೂ ಸುಂಗುಡಿ ಸೀರೆಗಳು ದೊರೆಯುತ್ತವೆ. ಬಟ್ಟೆಯನ್ನು ಚಿಟಿಕೆಯಷ್ಟು ಎತ್ತಿ ನೂಲಿನಿಂದ ಗಂಟುಕಟ್ಟಿ ಬಣ್ಣದಲ್ಲಿ ಅದ್ದಿದಾಗ ಉಳಿಯುವ ಬಿಳಿಯ ಚುಕ್ಕಿಯೇ ಅದರ ವಿನ್ಯಾಸ. ಅದನ್ನು ಬೆಳೆಸಿದವರು ಮದುರೆಯ ಸೌರಾಷ್ಟ್ರ ಭಾಷಿಕರು, ಅವರೂ ಅಲ್ಪಸಂಖ್ಯಾತ ಭಾಷಿಕರೇ. 2005ರಲ್ಲಿ ‘ಮದುರೆ ಸುಂಗುಡಿ’ಗೆ ಭೌಗೋಳಿಕ ಸೂಚನೆ ದೊರೆತಾಗ ಆ ಹೆಸರೇ ದಾಖಲೆಗೆ ಸೇರಿತು.