ತೊಡೆಯ ಉರಿ ಮತ್ತು ನಡುವಿನ ಕಟ್ಟು

ತೊಡೆಯ ಹೊರಬದಿಯಲ್ಲಿ ಉರಿ, ಜುಮುಜುಮು, ಬಟ್ಟೆ ತಗಲಿದರೂ ಸಹಿಸಲಾಗದ ವೇದನೆ: ಇಂಥ ಲಕ್ಷಣಗಳನ್ನು ನಮ್ಮ ಜನರು ‘ವಾತ’ವೆಂದೋ ‘ಸಯಾಟಿಕಾ’ ಎಂದೋ ಕರೆದು ಸುಮ್ಮನಾಗುವುದುಂಟು. ಆದರೆ ಹೆಸರು ತಪ್ಪಿದಲ್ಲಿ ಚಿಕಿತ್ಸೆಯೂ ತಪ್ಪುವುದು. ನೋವು ತೊಡೆಯಲ್ಲಿದ್ದರೂ ಅದರ ಮೂಲವು ಬಹುಮಟ್ಟಿಗೆ ನಡುವಿನಲ್ಲಿದೆ ಎಂಬುದನ್ನು ಈ ವ್ಯಾಧಿಯ ಚರಿತ್ರೆಯಿಂದಲೇ ನಾವು ತಿಳಿಯಬಹುದು.

1878ರಲ್ಲಿ ಬರ್ಲಿನ್ನಿನ ವೈದ್ಯ ಮಾರ್ಟಿನ್ ಬೆರ್ನ್‌ಹಾರ್ಟನು ಇದನ್ನು ವರ್ಣಿಸಿದನು. ನಡುಪಟ್ಟಿಯನ್ನು ಬಿಗಿದು ಕಟ್ಟುತ್ತಿದ್ದ ಕುದುರೆ ಸವಾರರಲ್ಲಿ ಇದನ್ನು ಕಂಡ ರಷ್ಯದ ವ್ಲಾದಿಮಿರ್ ರೋಟನು 1895ರಲ್ಲಿ, ತೊಡೆ ಮತ್ತು ನೋವು ಎಂಬರ್ಥದ ಗ್ರೀಕ್ ಪದಗಳನ್ನು ಕೂಡಿಸಿ, ‘ಮೆರಾಲ್ಜಿಯಾ ಪ್ಯಾರೆಸ್ತೆಟಿಕಾ’ ಎಂಬ ಹೆಸರನ್ನಿತ್ತನು. ಸಿಗ್ಮಂಡ್ ಫ್ರಾಯ್ಡನು ತನಗೇ ಒದಗಿದ್ದ ಈ ಬಾಧೆಯನ್ನು ಕುರಿತು ಬರೆದುದೂ ಅದೇ ವರ್ಷ. ಚರಕಸಂಹಿತೆಯಲ್ಲಿ ಹೇಳಿದ ‘ಗೃಧ್ರಸಿ’ಯು ಬೇರೆ, ಅದು ನಿತಂಬದಿಂದ ಹೊರಟು ತೊಡೆ, ಮೊಣಕಾಲು, ಮೀನಖಂಡಗಳನ್ನು ಹಾಯ್ದು ಪಾದದವರೆಗೆ ಇಳಿಯುತ್ತದೆ. ಪ್ರಕೃತ ಉರಿಯಾದರೋ ಮೊಣಕಾಲನ್ನು ದಾಟುವುದಿಲ್ಲ.

ಬೆನ್ನಿನ ಕಟಿಭಾಗದ 2 ಮತ್ತು 3ನೆಯ ನರಮೂಲಗಳಿಂದ ಹೊರಡುವ ಒಂದು ನರವು, ಸೊಂಟದ ಎಲುಬಿನ ಮುಂದಣ ಮೊನೆಯ ಬಳಿ, ತೊಡೆಸಂದಿನ ಅಸ್ಥಿರಜ್ಜುವಿನಡಿ ನುಸುಳಿ ತೊಡೆಯ ಚರ್ಮವನ್ನು ಸೇರುತ್ತದೆ. ಅಲ್ಲಿ ಅದರ ಮೇಲೆ ಒತ್ತಡ ಬಿದ್ದಾಗ ಉರಿ ಹುಟ್ಟುತ್ತದೆ. ಬಿಗಿಯಾದ ಉಡುಪು, ಬೊಜ್ಜು, ಗರ್ಭಧಾರಣೆ, ಸೊಂಟದ ಬಳಿಯ ಪೆಟ್ಟು ಅಥವಾ ಶಸ್ತ್ರಚಿಕಿತ್ಸೆ ಇದಕ್ಕೆ ಕಾರಣಗಳಾಗಬಹುದು. ಮಧುಮೇಹವುಳ್ಳವರಲ್ಲಿ ನರವು ಮೊದಲೇ ದುರ್ಬಲವಾಗಿರುವ ಸಂಭವವುಂಟು. ಈ ನರವು ಸ್ಪರ್ಶಜ್ಞಾನಕ್ಕೆ ಮಾತ್ರ ಸಂಬಂಧಿಸಿದುದಾದ್ದರಿಂದ ಕಾಲಿನ ಬಲ ಕುಂದುವುದಿಲ್ಲ.

ನಮ್ಮ ಜಿಲ್ಲೆಯ ಜನಜೀವನದಲ್ಲಿ ನಡು ಬಿಗಿಯುವ ಸಂದರ್ಭಗಳಿಗೆ ಕೊರತೆಯಿಲ್ಲ. ಕಾರ್ಕಳದ ಕಡೆ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿ ಮರವೇರುವ ಮೂರ್ತೆದಾರರು, ಕಾಪುವಿನ ಕಡಲತಡಿಯಲ್ಲಿ ಬಟ್ಟೆ ಬಿಗಿದು ಕೈರಂಪಣಿ ಎಳೆಯುವವರು, ರಾತ್ರಿಯೆಲ್ಲ ವೇಷದ ಕಟ್ಟಿನಲ್ಲಿ ಕುಣಿಯುವ ಉಡುಪಿಯ ಯಕ್ಷಗಾನ ಕಲಾವಿದರು, ಇಂದು ಬೆಲ್ಟು ಬಿಗಿಯುವ ವಿದ್ಯಾರ್ಥಿಗಳು: ಇವರೆಲ್ಲರಿಗೂ ಈ ವ್ಯಾಧಿ ಬಂದೇ ತೀರುವುದೆಂದು ನಮ್ಮ ಅಭಿಪ್ರಾಯವಲ್ಲ. ಉರಿ ಕಾಣಿಸಿಕೊಂಡಾಗ ನಡುವಿಗೆ ಏನನ್ನು, ಎಷ್ಟು ಹೊತ್ತು ಕಟ್ಟುತ್ತಾರೆಂಬುದನ್ನು ಮೊದಲು ವಿಚಾರಿಸಬೇಕು. ದಿನಗೂಲಿಯಿಂದ ಜೀವಿಸುವವನು ಬೆನ್ನಿನ ರೋಗವೆಂದು ಭ್ರಮಿಸಿ ಅನಾವಶ್ಯಕ ಪರೀಕ್ಷೆಗಳಿಗೆ ಹಣ ತೆತ್ತರೆ ನಷ್ಟವು ಇಡೀ ಸಂಸಾರಕ್ಕೆ.

ಕಟ್ಟನ್ನು ಸಡಿಲಿಸುವುದು, ಮೈತೂಕವನ್ನು ಇಳಿಸುವುದು, ಮಧುಮೇಹವನ್ನು ಹತೋಟಿಯಲ್ಲಿಡುವುದು: ಬಹುಮಂದಿಗೆ ಇಷ್ಟರಿಂದಲೇ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಗುಣವಾಗುತ್ತದೆ. ಗರ್ಭಿಣಿಯರಲ್ಲಿ ಹೆರಿಗೆಯ ನಂತರ ಸಾಮಾನ್ಯವಾಗಿ ಶಮನವಾಗುವುದು. ನೋವು ಉಳಿದರೆ ವೈದ್ಯರು ಗ್ಯಾಬಪೆಂಟಿನ್‌ನಂಥ ನರವೇದನೆಯ ಔಷಧವನ್ನು ಕೊಡಬಹುದು, ಇಲ್ಲವೆ ನರದ ಬಳಿ ಅರಿವಳಿಕೆ ಹಾಗೂ ಸ್ಟೀರಾಯ್ಡ್ ಚುಚ್ಚುಮದ್ದನ್ನು ನೀಡಬಹುದು. ಶಸ್ತ್ರಚಿಕಿತ್ಸೆಯ ಅಗತ್ಯ ವಿರಳ. ಆದರೆ ಕಾಲಿನ ಬಲ ಕುಗ್ಗಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ, ಜ್ವರ ಬಂದರೆ ಅಥವಾ ಉರಿಯ ಜಾಗದಲ್ಲಿ ಗುಳ್ಳೆಗಳೆದ್ದರೆ ಕಾರಣ ಬೇರೆಯೆಂದು ತಿಳಿದು ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. 1953ರಲ್ಲಿ ಡಾ. ಟಿ. ಎಂ. ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜನ್ನು ಸ್ಥಾಪಿಸಿದಂದಿನಿಂದ ವೈದ್ಯವಿದ್ಯೆಯು ಈ ಪ್ರದೇಶಕ್ಕೆ ದೂರದ ವಸ್ತುವಾಗಿ ಉಳಿದಿಲ್ಲ. ತನ್ನ ನೋವಿನ ಸ್ಥಳವನ್ನೂ ದುಡಿಮೆಯ ರೀತಿಯನ್ನೂ ರೋಗಿಯು ಅಲ್ಲಿ ವಿವರವಾಗಿ ಹೇಳಿಕೊಂಡರೆ ರೋಗನಿರ್ಣಯದ ಅರ್ಧ ಕೆಲಸ ಮುಗಿದಂತೆಯೇ ಸರಿ.