ಹುಲ್ಲುಹಾಸಿನ ಕುರ್ಚಿ, ಬಿಸಿಲು ಬೀಳದ ಕೋಣೆ

2025ರ ಸೆಪ್ಟೆಂಬರ್ 9ರಂದು ಬೆಂಗಳೂರಿನ ನ್ಯಾಯಾಲಯವೊಂದರ ಪರದೆಯ ಮೇಲೆ ಜೈಲಿನಿಂದ ಕಾಣಿಸಿಕೊಂಡ, ಕೊಲೆ ಆರೋಪ ಹೊತ್ತ ನಟ ದರ್ಶನ್, ಬಿಸಿಲು ನೋಡಿ ಬಹಳ ದಿನವಾಯಿತು, ಕೈಗೆ ಫಂಗಸ್ ಬಂದಿದೆ, ಹೀಗೆ ಬದುಕುವುದಕ್ಕಿಂತ ವಿಷ ಕೊಟ್ಟುಬಿಡಿ ಎಂದು ನ್ಯಾಯಾಧೀಶರನ್ನು ಕೇಳಿಕೊಂಡರು. ಅದಕ್ಕೆ ಒಂದು ವರ್ಷ ಮುಂಚೆ, 2024ರ ಆಗಸ್ಟ್ ಕೊನೆಯಲ್ಲಿ, ಇದೇ ಪರಪ್ಪನ ಅಗ್ರಹಾರ ಜೈಲಿನಿಂದ ಹೊರಬಿದ್ದ ಫೋಟೊದಲ್ಲಿ ಅವರು ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಸಿಗರೇಟು ಮತ್ತು ಮಗ್ ಹಿಡಿದು, ರೌಡಿಶೀಟರ್ ಒಬ್ಬನ ಜೊತೆ ಹರಟುತ್ತಿದ್ದರು. ಅದೇ ಜೈಲು, ಅದೇ ಕೊಲೆ ಆರೋಪ, ಅದೇ ವಿಚಾರಣಾಧೀನ ಕೈದಿ. ಕಾನೂನೂ ಒಂದು ಅಕ್ಷರ ಬದಲಾಗಿರಲಿಲ್ಲ.

ನಾನು ಕಾನೂನು ನೆರವಿನ ವಕೀಲೆ. ವಕೀಲರನ್ನು ಇಟ್ಟುಕೊಳ್ಳಲು ಕೈಲಾಗದವರ ಪರವಾಗಿ ವಕಾಲತ್ತು ಹಾಕುವುದು, ಜೈಲಿಗೆ ಹೋಗಿ ಅವರ ಮಾತು ಕೇಳುವುದು ನನ್ನ ಕೆಲಸ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಪಕ್ಕದವರು ಕೇಳುವ ಪ್ರಶ್ನೆ ಒಂದೇ: ‘ಮೇಡಂ, ಒಳಗೆ ದೊಡ್ಡೋರಿಗೆ ಎಲ್ಲಾ ಸಿಗುತ್ತಂತೆ, ಹೌದಾ?’ ಹೌದು ಎಂದರೆ ಅರ್ಧ ಸತ್ಯ, ಇಲ್ಲ ಎಂದರೆ ಪೂರ್ತಿ ಸುಳ್ಳು. ಹೆಸರುವಾಸಿ ಆರೋಪಿಗೆ ನಮ್ಮ ಜೈಲುಗಳಲ್ಲಿ ಎರಡು ಬಗೆಯ ಉಪಚಾರ ಕಾದಿರುತ್ತದೆ. ಒಂದು, ನಿಯಮ ಮುರಿದು ಕೊಡುವ ಸುಖ. ಇನ್ನೊಂದು, ನಿಯಮ ಮುರಿದು ಕೊಡುವ ಕಷ್ಟ. ಹಲವು ಸಲ ಒಬ್ಬನೇ ಮನುಷ್ಯನಿಗೆ ಎರಡೂ ಸಿಗುತ್ತವೆ. ಜನ ಮೊದಲನೆಯದಕ್ಕೆ ಸಿಟ್ಟಾಗುತ್ತಾರೆ, ಎರಡನೆಯದಕ್ಕೆ ಚಪ್ಪಾಳೆ ತಟ್ಟುತ್ತಾರೆ. ನನಗೆ ಎರಡೂ ಒಂದೇ ರೋಗವಾಗಿ ಕಾಣುತ್ತವೆ.

ಉಮೇಶ್ ರೆಡ್ಡಿಯ ಹೆಸರು ಕೇಳದ ಕನ್ನಡಿಗರು ಕಡಿಮೆ. ಅತ್ಯಾಚಾರ, ಕೊಲೆಗಳ ಆ ಅಪರಾಧಿಗೆ 2006ರಲ್ಲಿ ಗಲ್ಲು ಶಿಕ್ಷೆಯಾಯಿತು. ಆಗಿನಿಂದ ಸುಮಾರು ಹತ್ತು ವರ್ಷ ಅವನನ್ನು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಒಂಟಿ ಸೆರೆಯಲ್ಲಿ ಇಡಲಾಗಿತ್ತು. ಒಂಟಿ ಸೆರೆಗೆ ನಮ್ಮ ದಂಡ ಕಾನೂನಿನಲ್ಲಿ ಮಿತಿ ಇದೆ: ಒಟ್ಟು ಮೂರು ತಿಂಗಳು ಮೀರುವಂತಿಲ್ಲ, ಒಂದು ಸಲಕ್ಕೆ ಹದಿನಾಲ್ಕು ದಿನ ದಾಟುವಂತಿಲ್ಲ, ಅದನ್ನೂ ನ್ಯಾಯಾಲಯವೇ ವಿಧಿಸಬೇಕು. ಗಲ್ಲು ಶಿಕ್ಷೆಯಾದವನೂ ಕ್ಷಮಾದಾನದ ಅರ್ಜಿ ತಿರಸ್ಕೃತವಾಗುವವರೆಗೆ ‘ಗಲ್ಲಿನ ಕೈದಿ’ ಅಲ್ಲ ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ಸುನಿಲ್ ಬಾತ್ರಾ ಪ್ರಕರಣದಲ್ಲಿ ಹೇಳಿತ್ತು. ಹಿಂಡಲಗಾದಲ್ಲಿ ಇದಾವುದೂ ಲೆಕ್ಕಕ್ಕೆ ಬರಲಿಲ್ಲ. ಕೊನೆಗೆ 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಒಂಟಿ ಸೆರೆ ಕಾನೂನುಬಾಹಿರ ಎಂದು ಹೇಳಿ, ಅದೇ ಕಾರಣಕ್ಕೆ ಗಲ್ಲನ್ನು ಕನಿಷ್ಠ 30 ವರ್ಷಗಳ ಜೀವಾವಧಿಗೆ ಇಳಿಸಿತು. ಅವನ ಕೈಯಲ್ಲಿ ಸತ್ತ ಹೆಣ್ಣುಮಕ್ಕಳ ಮನೆಯವರು ಆ ದಿನ ಏನನ್ನು ಅನುಭವಿಸಿದರೋ ಊಹಿಸಲಾರೆ. ಆ ನೋವಿಗೆ ಹೊಣೆ ತೀರ್ಪು ಬರೆದವರಲ್ಲ. ಜನ ದ್ವೇಷಿಸುವ ಕೈದಿಗೆ ಏನು ಮಾಡಿದರೂ ಯಾರೂ ಕೇಳುವುದಿಲ್ಲ ಎಂದುಕೊಂಡ ವ್ಯವಸ್ಥೆಯೇ ಅದಕ್ಕೆ ಹೊಣೆ.

ಕಥೆ ಅಲ್ಲಿಗೇ ಮುಗಿಯಲಿಲ್ಲ. 2025ರ ನವೆಂಬರ್‌ನಲ್ಲಿ ಪರಪ್ಪನ ಅಗ್ರಹಾರದ ವಿಡಿಯೊಗಳು ಟಿವಿಯಲ್ಲಿ ಬಂದವು. ಅದರಲ್ಲಿ ಇದೇ ಉಮೇಶ್ ರೆಡ್ಡಿ ಮೊಬೈಲ್ ಫೋನಿನಲ್ಲಿ ಮಾತಾಡುತ್ತಿದ್ದ, ಕೋಣೆಯಲ್ಲಿ ಟಿವಿಯೂ ಇತ್ತು. ಹತ್ತು ವರ್ಷ ಮನುಷ್ಯರ ಮುಖ ಕಾಣದಂತೆ ಇಟ್ಟಿದ್ದವನ ಕೈಗೆ ಈಗ ಫೋನು.

ತಿಹಾರ್‌ನಲ್ಲಿ ಸರಣಿ ಹಂತಕ ಚಾರ್ಲ್ಸ್ ಶೋಭರಾಜ್‌ನದೂ ಇದೇ ಕಥೆ. ಎಪ್ಪತ್ತರ ದಶಕದಲ್ಲಿ ಅವನ ಕಾಲಿಗೆ ಹಗಲೂ ರಾತ್ರಿ ಕಬ್ಬಿಣದ ಸರಳಿನ ಬೇಡಿ ಹಾಕಿದ್ದರು. ಅವನು ಸುಪ್ರೀಂ ಕೋರ್ಟಿಗೆ ಹೋದ. ಬಾತ್ರಾ ಅರ್ಜಿಯ ಜೊತೆಗೇ ವಿಚಾರಣೆ ನಡೆದು, ಮನಬಂದಂತೆ ಬೇಡಿ ತೊಡಿಸುವಂತಿಲ್ಲ ಎಂಬ ತೀರ್ಪು ಬಂತು. ಇಂದು ನನ್ನಂಥ ವಕೀಲರು ಯಾವ ಬಡ ಕೈದಿಯ ಬೇಡಿ ಬಿಡಿಸಬೇಕಾದರೂ ಆ ತೀರ್ಪನ್ನೇ ಉಲ್ಲೇಖಿಸುತ್ತೇವೆ. ಮುಂದಿನ ವರ್ಷಗಳಲ್ಲಿ ಅದೇ ಶೋಭರಾಜ್ ತಿಹಾರ್‌ನಲ್ಲಿ ದೊರೆಯಂತೆ ಬಾಳಿದ. 1986ರ ಮಾರ್ಚ್ 16ರಂದು ಕಾವಲುಗಾರರಿಗೆ ಮತ್ತಿನ ಔಷಧ ಬೆರೆಸಿದ ಸಿಹಿ ತಿನ್ನಿಸಿ, ಗೇಟಿನಿಂದಲೇ ಹೊರನಡೆದ. ಮುಂದಿನ ತಿಂಗಳು ಗೋವಾದ ಹೋಟೆಲೊಂದರಲ್ಲಿ ಸಿಕ್ಕಿಬಿದ್ದ.

ಹಾಗಾದರೆ ಕೈದಿಗೆ ನಿಜವಾಗಿ ಏನು ಸಲ್ಲಬೇಕು? ವಿಚಾರಣಾಧೀನ ಕೈದಿ ಇನ್ನೂ ಅಪರಾಧಿಯಲ್ಲ. ತನ್ನ ಬಟ್ಟೆ ತೊಡಬಹುದು, ಮನೆಯವರನ್ನು, ವಕೀಲರನ್ನು ಕಾಣಬಹುದು. ಮನೆಯಿಂದ ಕಳಿಸಿದ ಹಣ ಅವನ ಹೆಸರಿನ ಪಿಪಿಸಿ (ಕೈದಿಯ ಖಾಸಗಿ ಹಣದ) ಖಾತೆಗೆ ಬೀಳುತ್ತದೆ. ಅದರಲ್ಲಿ ಜೈಲಿನ ಕ್ಯಾಂಟೀನಿನಿಂದ ಬಿಸ್ಕತ್ತು, ಸೋಪು ಕೊಳ್ಳಬಹುದು. 1894ರ ಕಾರಾಗೃಹ ಕಾಯ್ದೆಯ ಕಾಲದಿಂದಲೂ ವಿಚಾರಣಾಧೀನರು ಹೊರಗಿನ ಊಟ, ಬಟ್ಟೆ, ಹಾಸಿಗೆ ತರಿಸಿಕೊಳ್ಳಲು ನಿಯಮಗಳ ಮಿತಿಯಲ್ಲಿ ಅವಕಾಶವಿದೆ. ಆದ್ದರಿಂದ ಮನೆ ಊಟ ಎಂದ ಕೂಡಲೇ ರಾಜೋಪಚಾರ ಎಂದು ಕೂಗಬೇಕಿಲ್ಲ. ಆದರೆ ಅದನ್ನು ಯಾರಿಗೆ ಕೊಡುವುದು, ಯಾರಿಗೆ ಬಿಡುವುದು ಎಂಬುದು ಅಧಿಕಾರಿಯ ಅಥವಾ ನ್ಯಾಯಾಲಯದ ಅನುಮತಿಗೆ ಬಿಟ್ಟ ವಿಷಯ. ದರ್ಶನ್ 2024ರಲ್ಲಿ ಮನೆ ಊಟ ಕೇಳಿದಾಗ ಮ್ಯಾಜಿಸ್ಟ್ರೇಟ್ ನ್ಯಾಯಾಲಯ ಒಪ್ಪಲಿಲ್ಲ. ಅದಾದ ಮರುತಿಂಗಳೇ ಹುಲ್ಲುಹಾಸಿನ ಆ ಫೋಟೊ ಬಂತು. ಅರ್ಜಿ ಹಾಕಿ ಕೇಳಿದ್ದು ಸಿಗಲಿಲ್ಲ, ಯಾವ ಅರ್ಜಿಯಲ್ಲೂ ಇಲ್ಲದ್ದು ಸಿಕ್ಕಿತು.

ಪ್ರಸಿದ್ಧರನ್ನು ಬೇರೆ ಇಡುವುದಕ್ಕೆ ನ್ಯಾಯವಾದ ಕಾರಣವೂ ಇದೆ. 2012ರ ದೆಹಲಿ ಬಸ್ ಅತ್ಯಾಚಾರ ಪ್ರಕರಣದ ಆರೋಪಿಯೊಬ್ಬ 2013ರ ಮಾರ್ಚ್ 11ರಂದು ತಿಹಾರ್‌ನ ತನ್ನ ಕೋಣೆಯಲ್ಲಿ ಹೆಣವಾಗಿ ಸಿಕ್ಕ. ಆತ್ಮಹತ್ಯೆ ಎಂದಿತು ಜೈಲು, ಕೊಲೆ ಎಂದರು ಮನೆಯವರು. ವಿಚಾರಣೆಯಲ್ಲಿ ಹೊರಬರಬೇಕಾದ ಅವನ ಪಾಲಿನ ಸತ್ಯ ಅವನ ಜೊತೆಗೇ ಹೋಯಿತು. ಮಕ್ಕಳ ಮೇಲೆ, ಹೆಂಗಸರ ಮೇಲೆ ಕೈಮಾಡಿ ಬಂದವರನ್ನು ಒಳಗಿನವರೇ ಬಡಿಯುತ್ತಾರೆ. ಸಿನಿಮಾ ನಟನ ಸುತ್ತ ಜನ ಮುಗಿಬೀಳುತ್ತಾರೆ, ಹಣವಿದ್ದವನನ್ನು ರೌಡಿಗಳು ಸುತ್ತುವರಿಯುತ್ತಾರೆ. ಹೀಗಾಗಿ ಪ್ರತ್ಯೇಕ ಸೆಲ್ ಬೇಕಾಗುತ್ತದೆ. ಆದರೆ ಆ ಪ್ರತ್ಯೇಕ ಸೆಲ್ಲಿನ ಬಾಗಿಲು ಮುಚ್ಚಿದ ಮೇಲೆ ಒಳಗೇನು ನಡೆಯುತ್ತದೆ ಎಂದು ಉಳಿದ ಕೈದಿಗಳಿಗೆ ಕಾಣುವುದಿಲ್ಲ, ಹೊರಗಿನವರಿಗಂತೂ ತಿಳಿಯುವುದೇ ಇಲ್ಲ. ಸುಖವೂ ಅಲ್ಲೇ ನುಸುಳುತ್ತದೆ, ಹಿಂಸೆಯೂ ಅಲ್ಲೇ.

ತಮಿಳುನಾಡಿನ ನಾಯಕಿ ಶಶಿಕಲಾ ಅವರ ವಿಷಯದಲ್ಲಿ ಇದು ಕಾಗದದ ಮೇಲೆ ಬಂತು. 2017ರ ಫೆಬ್ರವರಿಯಲ್ಲಿ ಅವರು ಪರಪ್ಪನ ಅಗ್ರಹಾರಕ್ಕೆ ಬಂದರು. ಜುಲೈನಲ್ಲಿ ಆಗಿನ ಡಿಐಜಿ ಡಿ. ರೂಪಾ ಅವರು, ಶಶಿಕಲಾ ಅವರಿಗೆ ಪ್ರತ್ಯೇಕ ಅಡುಗೆ ವ್ಯವಸ್ಥೆ ಇದೆ, ಇದರ ಹಿಂದೆ ಎರಡು ಕೋಟಿ ರೂಪಾಯಿ ಲಂಚದ ಮಾತು ಕೇಳಿಬರುತ್ತಿದೆ ಎಂದು ವರದಿ ಕೊಟ್ಟರು. ಛಾಪಾ ಕಾಗದ ಹಗರಣದ ತೆಲಗಿಗೆ ವಿಚಾರಣಾಧೀನ ಕೈದಿಗಳೇ ಕೈಕಾಲು ಒತ್ತುತ್ತಿದ್ದಾರೆ ಎಂಬುದೂ ಅದರಲ್ಲಿತ್ತು. ವರದಿ ಕೊಟ್ಟ ಅಧಿಕಾರಿಯನ್ನು ಕೆಲವೇ ದಿನಗಳಲ್ಲಿ ವರ್ಗ ಮಾಡಲಾಯಿತು. ಆಮೇಲೆ ಸರ್ಕಾರವೇ ನೇಮಿಸಿದ ನಿವೃತ್ತ ಐಎಎಸ್ ಅಧಿಕಾರಿ ವಿನಯ್ ಕುಮಾರ್ ಅವರ ಸಮಿತಿ, ನಿಯಮ ಮೀರಿ ಸೌಲಭ್ಯ ಕೊಟ್ಟದ್ದು ನಿಜ ಎಂದಿತು. ಅಕ್ಕಪಕ್ಕದ ಕೋಣೆಗಳೂ ಅವರ ಬಳಕೆಗೇ ಮೀಸಲಾಗಿದ್ದವು. ಆ ಸುದ್ದಿ ಓದಿದಾಗ ನನಗೆ ಲಂಚದ ಮೊತ್ತಕ್ಕಿಂತ ಹೆಚ್ಚು ಕಾಡಿದ್ದು ಆ ಕೋಣೆಗಳು. ಅಲ್ಲಿ ಇರಬಹುದಾಗಿದ್ದ ಹೆಂಗಸರು ಬೇರೆಡೆ ಒತ್ತೊತ್ತಾಗಿ ಮಲಗಿದ್ದರು.

2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು. ನೂರು ಮಂದಿಗೆ ಕಟ್ಟಿದ ಜಾಗದಲ್ಲಿ ನೂರ ಮೂವತ್ತೊಂದು ಮಂದಿ. ಇಕ್ಕಟ್ಟು ಇರುವ ಕಡೆ ಮಲಗುವ ಜಾಗಕ್ಕೂ ಬೆಲೆ ಬರುತ್ತದೆ. ಫ್ಯಾನಿನ ಕೆಳಗಿನ ಜಾಗಕ್ಕೆ ಒಂದು ರೇಟು, ಶೌಚಾಲಯದ ಬಾಗಿಲ ಬಳಿಯದು ಪುಕ್ಕಟೆ. ಬೀಡಿ, ಫೋನಿನಲ್ಲಿ ಐದು ನಿಮಿಷದ ಮಾತು, ಬಿಸಿನೀರು ಎಲ್ಲಕ್ಕೂ ಬೆಲೆ ಇದೆ ಎಂದು ನನ್ನ ಕಕ್ಷಿದಾರರು ಹೇಳುತ್ತಾರೆ. ದೊಡ್ಡವರು ಬಂದಾಗ ಈ ಸಂತೆ ಹೊಸದಾಗಿ ಹುಟ್ಟುವುದಿಲ್ಲ. ಇದ್ದ ಸಂತೆಗೆ ದೊಡ್ಡ ಗಿರಾಕಿ ಬಂದಂತೆ, ಅಷ್ಟೆ.

ಇದಕ್ಕೆ ಹಳೆಯ ಬೇರೂ ಇದೆ. ರಾಜಕೀಯ ಕೈದಿಗಳ ಸ್ಥಿತಿಗತಿಗಾಗಿ ಲಾಹೋರ್ ಜೈಲಿನಲ್ಲಿ ಉಪವಾಸ ಕೂತ ಜತಿನ್ ದಾಸ್ 63 ದಿನಗಳ ನಂತರ, 1929ರ ಸೆಪ್ಟೆಂಬರ್ 13ರಂದು ಪ್ರಾಣಬಿಟ್ಟರು. ಮರುವರ್ಷ ಬ್ರಿಟಿಷ್ ಸರ್ಕಾರ ಕೈದಿಗಳನ್ನು ಎ, ಬಿ, ಸಿ ಎಂದು ಮೂರು ದರ್ಜೆ ಮಾಡಿತು. ಓದು, ಅಂತಸ್ತು, ಹೊರಗೆ ಬಾಳಿದ ರೀತಿ ನೋಡಿ ದರ್ಜೆ ಕೊಡಬೇಕಿತ್ತು. ರಾಜಕೀಯ ಕೈದಿಗಳನ್ನು ಮನುಷ್ಯರಂತೆ ಕಾಣಿ ಎಂದು ಕೇಳುತ್ತಲೇ ಸತ್ತವರ ಬೇಡಿಕೆಗೆ ಸಿಕ್ಕ ಉತ್ತರ, ಮೇಲಂತಸ್ತಿನವರಿಗೆ ಮಂಚ ಮೇಜು. ಹೊರಗೆ ಚೆನ್ನಾಗಿ ಬಾಳಿದವನಿಗೆ ಒಳಗೂ ಚೆನ್ನಾಗಿರುವ ಹಕ್ಕಿದೆ ಎಂಬ ಆ ಎಣಿಕೆ ಇಂದಿಗೂ ಜೈಲಿನ ಗೇಟಿನಲ್ಲಿ ನಿಂತಿದೆ. ವಿಜಯ್ ಮಲ್ಯ ಅವರ ಗಡೀಪಾರು ಪ್ರಕರಣದಲ್ಲಿ ಲಂಡನ್ನಿನ ನ್ಯಾಯಾಧೀಶರು ಮುಂಬೈನ ಆರ್ಥರ್ ರೋಡ್ ಜೈಲಿನ 12ನೇ ಬ್ಯಾರಕ್ಕಿಗೆ ಬೆಳಕು ಬೀಳುವುದೋ ಇಲ್ಲವೋ ಎಂದು 2018ರಲ್ಲಿ ವಿಡಿಯೊ ಕೇಳಿದರು. ಸರ್ಕಾರ ವಿಡಿಯೊ ಮಾಡಿ ಕಳಿಸಿತು. ಕೇಳಿದ್ದು ಸರಿ, ತಪ್ಪೇನಿಲ್ಲ. ಆದರೆ ಅದೇ ಜೈಲಿನ ಉಳಿದ ಬ್ಯಾರಕ್ಕುಗಳ ಬೆಳಕಿನ ವಿಡಿಯೊ ಯಾವ ನ್ಯಾಯಾಲಯಕ್ಕೂ ಹೋಗಲಿಲ್ಲ.

ಸುಳ್ಳು ಸುದ್ದಿಗಳದೂ ಇಲ್ಲೊಂದು ಪಾಲಿದೆ. ಮುಂಬೈ ದಾಳಿಯ ಉಗ್ರ ಕಸಬ್ ಜೈಲಿನಲ್ಲಿ ಬಿರಿಯಾನಿ ಕೇಳಿದ ಎಂಬ ಮಾತು ದೇಶವೆಲ್ಲ ಹಬ್ಬಿತ್ತು. ಅದನ್ನು ತಾನೇ ಕಟ್ಟಿ ಹೇಳಿದ್ದು ಎಂದು ಸರ್ಕಾರಿ ಅಭಿಯೋಜಕರಾಗಿದ್ದ ಉಜ್ವಲ್ ನಿಕಂ 2015ರಲ್ಲಿ ಒಪ್ಪಿಕೊಂಡರು. ಆ ಒಪ್ಪಿಗೆ ಬಿರಿಯಾನಿಯಷ್ಟು ದೂರ ಹೋಗಲಿಲ್ಲ. ಜೈಲಿನಲ್ಲಿ ಎಲ್ಲರೂ ಮಜಾ ಮಾಡುತ್ತಾರೆ ಎಂದು ನಂಬಿದ ಊರಿನಲ್ಲಿ ಕೈದಿಗಳ ಕುಡಿಯುವ ನೀರಿನ ಬಗ್ಗೆ ಮಾತಾಡಲು ನನಗೆ ಕೇಳುಗರೇ ಸಿಗುವುದಿಲ್ಲ.

ನನ್ನ ಕಕ್ಷಿದಾರನೊಬ್ಬನ ಕಥೆ ಹೇಳುತ್ತೇನೆ. ಮೊಬೈಲ್ ಕಳವಿನ ಆರೋಪ, ವಯಸ್ಸು ಇಪ್ಪತ್ತು ದಾಟಿದೆಯಷ್ಟೆ. ಜಾಮೀನು ಸಿಕ್ಕಿತ್ತು, ಆದರೆ ಪಹಣಿ ಹಿಡಿದು ಶ್ಯೂರಿಟಿ ನಿಲ್ಲಲು ಯಾರೂ ಇಲ್ಲದೆ ಒಳಗೇ ಉಳಿದಿದ್ದ. ರಾಜ್ಯದ ಒಂದು ಜೈಲಿಗೆ ಪ್ರಸಿದ್ಧ ಆರೋಪಿಯೊಬ್ಬರನ್ನು ಕರೆತರುವ ದಿನವೇ ಅವನ ತಾಯಿ ಮುಲಾಕಾತಿಗೆ ಬಂದಿದ್ದರು. ಗೇಟಿನ ಮುಂದೆ ಕ್ಯಾಮೆರಾಗಳು, ಅಭಿಮಾನಿಗಳ ಜೈಕಾರ, ಬ್ಯಾರಿಕೇಡು. ‘ಇವತ್ತು ಮುಲಾಕಾತ್ ಇಲ್ಲಮ್ಮ, ನಾಳೆ ಬನ್ನಿ’ ಎಂದರು ವಾರ್ಡರ್. ಆ ತಾಯಿಯ ಒಂದು ಕೈಯಲ್ಲಿ ಆಧಾರ್ ಕಾರ್ಡಿನ ಜೆರಾಕ್ಸು, ಇನ್ನೊಂದರಲ್ಲಿ ಹೋಟೆಲ್ ಕವರಿನಲ್ಲಿ ಮಡಿಸಿಟ್ಟ ಎರಡು ಬನಿಯನ್ನು, ಒಂದು ಟವೆಲ್. ‘ನಾಳೆ ಕೆಲಸಕ್ಕೆ ಹೋಗ್ಬೇಕು ಸ್ವಾಮಿ, ಮನೆಯೋರು ಇವತ್ತೊಂದಿನ ರಜ ಕೊಟ್ಟವ್ರೆ’ ಎಂದರು. ವಾರ್ಡರ್ ಕೆಟ್ಟವರೇನಲ್ಲ, ಮೇಲಿನವರು ಹೇಳಿದ್ದನ್ನು ಹೇಳಿದರು. ನಾನು ಒಳಗೆ ಮಾತಾಡಿ, ಬಟ್ಟೆಯನ್ನಾದರೂ ಹುಡುಗನಿಗೆ ಮುಟ್ಟಿಸಿದೆ. ಮಗನ ಮುಖ ನೋಡಲು ಅವರಿಗೆ ಆಗಲಿಲ್ಲ. ಸಂಜೆ ಟಿವಿಯಲ್ಲಿ ಆ ಪ್ರಸಿದ್ಧರು ರಾತ್ರಿ ಏನು ಊಟ ಮಾಡುತ್ತಾರೆ ಎಂಬ ಚರ್ಚೆ ನಡೆದಿತ್ತು.

ಜಾಮೀನು ಸಿಕ್ಕಿಯೂ ಏಳು ದಿನದೊಳಗೆ ಬಿಡುಗಡೆಯಾಗದವರ ಮಾಹಿತಿಯನ್ನು ಜೈಲಿನ ಸೂಪರಿಂಟೆಂಡೆಂಟ್ ಕಾನೂನು ಸೇವಾ ಪ್ರಾಧಿಕಾರಕ್ಕೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಆ ಪಟ್ಟಿ ಹೊತ್ತಿಗೆ ಸರಿಯಾಗಿ ಬರಲಿ ಎಂದು ಕಾಯುವವರು ನಾವು. ಆ ಪಟ್ಟಿಯ ಹೆಸರುಗಳಿಗೆ ಕ್ಯಾಮೆರಾ ಇಲ್ಲ.

2025ರ ಆಗಸ್ಟ್ 14ರಂದು ದರ್ಶನ್ ಜಾಮೀನು ರದ್ದು ಮಾಡುವಾಗ ಸುಪ್ರೀಂ ಕೋರ್ಟ್, ಜೈಲಿನಲ್ಲಿ ಆರೋಪಿಗಳಿಗೆ ವಿಶೇಷ ಉಪಚಾರ ಕಂಡುಬಂದರೆ ಅಧಿಕಾರಿಗಳನ್ನೇ ಹೊಣೆ ಮಾಡುವುದಾಗಿ ಎಚ್ಚರಿಸಿತ್ತು. ಹಿಂದಿನ ವರ್ಷದ ಫೋಟೊಗಾಗಿ ಅಮಾನತಾದವರ ನೆನಪು ಜೈಲಿನವರಿಗೆ ಇನ್ನೂ ಹಸಿಯಾಗಿತ್ತು. ಕುರ್ಚಿ ಕೊಟ್ಟರೆ ನೌಕರಿ ಹೋಗುತ್ತದೆ, ಬಿಸಿಲು ಕೊಡದಿದ್ದರೆ ಯಾರೂ ಕೇಳುವುದಿಲ್ಲ ಎಂಬ ಸ್ಥಿತಿಯಲ್ಲಿ ಅಧಿಕಾರಿ ಯಾವುದನ್ನು ಆರಿಸಿಕೊಂಡಾನು? ಸೆಪ್ಟೆಂಬರ್ 9ರಂದು ನ್ಯಾಯಾಲಯ ಹಾಸಿಗೆ, ಹೊದಿಕೆ ಕೊಡಲು, ಜೈಲಿನ ಆವರಣದಲ್ಲಿ ನಡೆದಾಡಲು ಬಿಡಲು ಹೇಳಿತು. ನನ್ನ ಸಹೋದ್ಯೋಗಿಗಳಲ್ಲಿ ಹಲವರು ‘ನಟನಿಗೆ ಅಂತ ಕೊಟ್ಟರು’ ಎಂದು ಸಿಡುಕಿದರು. ನನಗೆ ಹಾಗನ್ನಿಸಲಿಲ್ಲ. ಮಲಗಲು ಹಾಸಿಗೆ, ನಡೆಯಲು ಒಂದಿಷ್ಟು ಜಾಗ ಯಾವ ಕೈದಿಗೂ ಸಲ್ಲಬೇಕಾದದ್ದು.

ಅದೇ ಆದೇಶವನ್ನು ಆಧಾರವಾಗಿ ತೋರಿಸಿ, ಬೆನ್ನುನೋವಿನಿಂದ ನರಳುತ್ತಿದ್ದ ನನ್ನ ಇನ್ನೊಬ್ಬ ವಿಚಾರಣಾಧೀನ ಕಕ್ಷಿದಾರನಿಗಾಗಿ ಅರ್ಜಿ ಬರೆದೆ: ಒಂದು ಹಾಸಿಗೆ, ಬೆಳಗ್ಗೆ ಸಂಜೆ ಬಿಸಿಲಿನಲ್ಲಿ ನಡಿಗೆ. ಇವನಿಗೆ ಕೊಟ್ಟರೆ ಉಳಿದವರೂ ಕೇಳುತ್ತಾರೆ ಎಂಬ ಆಕ್ಷೇಪ ಬಂತು. ಕೇಳಲಿ, ಅವರ ಅರ್ಜಿಗಳನ್ನೂ ನಾನೇ ಬರೆದುಕೊಡುತ್ತೇನೆ ಎಂದು ನ್ಯಾಯಾಲಯದಲ್ಲೇ ಹೇಳಿದ್ದೇನೆ.